ರಾಯರ ಬೆಂಕಿಪೊಟ್ಟಣ

ಕಳೆದ ಸಲ ನಾಗಪುರದ ಬಿಸಿಲಿನ ಬಗ್ಗೆ ಗೋಳಾಡಿದ್ದೆ. ಈ ಸಲ ಒಂದು ಕಲ್ಲಿನ ಬಗ್ಗೆ. ಕಲ್ಲೆಂದರೆ ದೊಡ್ಡದೇನಲ್ಲ, ಹುಣಸೆಬೀಜದಷ್ಟು. ಅದರ ಮೇಲೆ ಸಾಸಿವೆಗಿಂತ ಸಣ್ಣ, ಮಸುಕು ನೇರಳೆ ಬಣ್ಣದ ಹರಳುಗಳು. ಬರಿಗಣ್ಣಿಗೆ ಕೊಳೆ ಅಂಟಿದ ಹಾಗೆ ಕಾಣುತ್ತದೆ.

ಕೊಟ್ಟವರು ನಮ್ಮ ಪಕ್ಕದ ಬ್ಲಾಕಿನ ರಾಯರು. ಸಂಡೂರಿನ ಕಡೆಯವರು, ಓದಿದ್ದು ಭೂವಿಜ್ಞಾನ. "ಅಲ್ಲಿನ ಮ್ಯಾಂಗನೀಸ್ ಬಿಟ್ಟು ಇಲ್ಲಿನ ಮ್ಯಾಂಗನೀಸ್ ಹುಡುಕಿಕೊಂಡು ಬಂದೆ" ಎನ್ನುತ್ತಾರೆ. ಹೆಂಡತಿ ತೀರಿಕೊಂಡು ಎರಡು ವರ್ಷ. ಮಗ ಅಮೆರಿಕಕ್ಕೆ ಬಾ ಎಂದು ಹಟ ಹಿಡಿದಿದ್ದಾನೆ. ಹಾಗಾಗಿ ನಲವತ್ತು ವರ್ಷ ಕೂಡಿಸಿದ ಕಲ್ಲುಗಳನ್ನು ಒಂದೊಂದಾಗಿ ಹಂಚುತ್ತಿದ್ದಾರೆ. ಜಳಗಾಂವ್ ಕಡೆಯ ಬಿಳಿ ಸ್ಕೋಲೆಸೈಟ್, ಪುಣೆಯ ವಾಘೋಲಿ ಕಲ್ಲುಗಣಿಯ ಕಡುನೀಲಿ ಕ್ಯಾವನ್ಸೈಟ್, ಇವೆಲ್ಲ ಬೇಗ ಖಾಲಿಯಾದವು. ನೋಡಲು ಚೆಂದ, ಜಗತ್ತಿನ ಸಂಗ್ರಾಹಕರೆಲ್ಲ ಬಯಸುವಂಥವು. ನನಗೆ ಸಿಕ್ಕಿದ್ದು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಮಲಗಿದ್ದ ಈ ಚೂರು.

"ಇದು ಬ್ಲಾನ್‌ಫರ್ಡೈಟ್. ಕಚರ್‌ವಾಹಿಯದ್ದು. ಬೇರೆಯವರಿಗೆ ಕೊಟ್ಟರೆ ಬಿಸಾಕ್ತಾರೆ. ನೀನು ಬಿಸಾಕಲ್ಲ ಅಂತ ಕೊಡ್ತಿದೀನಪ್ಪ."

ಈ ಮಾತು ನೆನಪಿಡಿ.

ನಾಗಪುರ ಕೂತಿರುವುದೇ ಒಂದು ಗಡಿಯ ಮೇಲೆ. ಪಶ್ಚಿಮಕ್ಕೆ ಹೋದರೆ ದಖ್ಖನ್ನಿನ ಕಪ್ಪು ಬಸಾಲ್ಟ್. ಈಶಾನ್ಯಕ್ಕೆ ರಾಮಟೇಕ್ ಕಡೆ ಹೋದರೆ ಅದಕ್ಕಿಂತ ಎಷ್ಟೋ ಹಳೆಯ ಶಿಲೆ, ಅದರಲ್ಲಿ ಮ್ಯಾಂಗನೀಸ್ ಅದಿರು. ಮನ್ಸರ್, ಕಾಂದ್ರಿ, ಬೆಲ್ಡೋಂಗ್ರಿ, ಎಲ್ಲ ಆ ದಿಕ್ಕಿನ ಗಣಿಗಳೇ. ಕಳೆದ ಶತಮಾನದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೂಯಿಸ್ ಲೀ ಫರ್ಮರ್ ಈ ಗಣಿಗಳನ್ನೆಲ್ಲ ಸುತ್ತಿದರು. 1909ರಲ್ಲಿ ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಮೇಲೆ ಭಾರೀ ಗ್ರಂಥ ತಂದರು. (ಯುರೋಪನ್ನು ಕಾಲ್ನಡಿಗೆಯಲ್ಲಿ ದಾಟಿದ ಪ್ರವಾಸ ಲೇಖಕ ಪ್ಯಾಟ್ರಿಕ್ ಲೀ ಫರ್ಮರ್ ಇವರ ಮಗ. ಅಲೆಯುವ ಚಟ ಎಲ್ಲಿಂದ ಬಂತೆಂದು ಹುಡುಕಬೇಕಿಲ್ಲ.) ಹೊಸದಾಗಿ ಕಂಡ ಖನಿಜಗಳಿಗೆಲ್ಲ ಹೆಸರಿಡುತ್ತ ಹೋದರು. ಬೆಲ್ಡೋಂಗ್ರಿಯಿಂದ ಬೆಲ್ಡೋಂಗ್ರೈಟ್, ಛಿಂದ್ವಾಡಾದ ಸೀತಾಪಾರ್‌ನಿಂದ ಸೀತಾಪರೈಟ್. ಕಚರ್‌ವಾಹಿಯ ಈ ಹರಳಿಗೆ ತಮ್ಮದೇ ಇಲಾಖೆಯ ಹಿರಿಯ ಬ್ಲಾನ್‌ಫರ್ಡ್ ಅವರ ಹೆಸರು.

ಬಹುಪಾಲು ಹೆಸರುಗಳು ಉಳಿಯಲಿಲ್ಲ. ಸೀತಾಪರೈಟ್ ಎಂದರೆ ಅದಾಗಲೇ ಅಮೆರಿಕದ ಯೂಟಾದಲ್ಲಿ ಸಿಕ್ಕಿದ್ದ ಬಿಕ್ಸ್‌ಬೈಟ್ ಎಂದು ಆಮೇಲೆ ಗೊತ್ತಾಯಿತು. ಬ್ಲಾನ್‌ಫರ್ಡೈಟ್ ಕೂಡ ಪ್ರತ್ಯೇಕ ಖನಿಜವಲ್ಲ, ಮ್ಯಾಂಗನೀಸ್ ಸೇರಿದ ಒಂದು ಬಗೆಯ ಪೈರಾಕ್ಸೀನ್ ಅಷ್ಟೇ ಎಂದರು. ಇಂದಿನ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ. ಹಾಗಾದರೆ ಇಟ್ಟುಕೊಳ್ಳುವುದು ಯಾಕೆ ಎಂದು ಕೇಳಿದೆ.

"ಲ್ಯಾಪ್‌ಟಾಪ್ ತೆಗಿ" ಎಂದರು ರಾಯರು.

ಬಿಳಿ ಪುಟವೊಂದನ್ನು ತೆರೆಸಿದರು. ಪೊಟ್ಟಣದ ಮೂಲೆಯಲ್ಲಿ ಉದುರಿದ್ದ ತೆಳ್ಳನೆಯ ಹರಳಿನ ಚೂರೊಂದನ್ನು ಚಿಮುಟದಲ್ಲಿ ಹಿಡಿದು ಪರದೆಯ ಮುಂದೆ ತಂದರು. ನನ್ನ ಕೈಗೆ ಹತ್ತು ಪಟ್ಟಿನ ಭೂತಗನ್ನಡಿ. ಚೂರು ಗುಲಾಬಿ ಬಣ್ಣಕ್ಕಿತ್ತು. ಮೆಲ್ಲಗೆ ತಿರುಗಿಸಿದರು. ಗುಲಾಬಿ ಕರಗಿ ನೇರಳೆಯಾಯಿತು, ನೇರಳೆ ಆಕಾಶನೀಲಿಯಾಯಿತು. ಮತ್ತೆ ತಿರುಗಿಸಿದರೆ ಗುಲಾಬಿ. ಎಲ್‌ಸಿಡಿ ಪರದೆಯ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಈ ಹರಳು ಒಂದೊಂದು ದಿಕ್ಕಿನ ಬೆಳಕಿನಿಂದ ಒಂದೊಂದು ಬಣ್ಣವನ್ನು ಹೀರುತ್ತದೆ, ಉಳಿದದ್ದು ನಮಗೆ ಕಾಣುತ್ತದೆ. ಹದಿನೈದು ವರ್ಷದಿಂದ ದಿನಕ್ಕೆ ಹತ್ತು ಗಂಟೆ ಪರದೆ ನೋಡುತ್ತಿದ್ದೇನೆ. ಅದು ಇಷ್ಟು ಉಪಯೋಗಕ್ಕೆ ಬಂದದ್ದು ಅವತ್ತೇ.

ಮನೆಗೆ ಬಂದವನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಇಷ್ಟು ಚೆಂದದ್ದು ಹಳೇ ಬೆಂಕಿಪೊಟ್ಟಣದಲ್ಲಿ ಯಾಕೆ ಇರಬೇಕೆಂದು ಆನ್‌ಲೈನಿನಲ್ಲಿ ಪಾರದರ್ಶಕ ಡಬ್ಬಿ ತರಿಸಿದೆ. ಕಲ್ಲನ್ನೂ ಚೂರನ್ನೂ ಅದರೊಳಗಿಟ್ಟೆ. ಪೊಟ್ಟಣ ಬೆಳಗಿನ ಕಚರಾ ಗಾಡಿಗೆ ಹೋಯಿತು. ಹತ್ತಿಯ ಕೆಳಗೆ, ತಳಕ್ಕೆ ಅಂಟಿಸಿದ ಚೀಟಿಯಿತ್ತು ಎಂದು ಗೊತ್ತಾದದ್ದು ವಾರದ ನಂತರ, ರಾಯರೇ "ಚೀಟಿ ಓದೋಕೆ ಆಗುತ್ತಾ, ಶಾಯಿ ಮಾಸಿದೆಯಾ?" ಎಂದು ಫೋನ್ ಮಾಡಿದಾಗ. ಕಚರ್‌ವಾಹಿ ಕಚರಾದಲ್ಲಿ ಹೋಯಿತು ಸರ್ ಎಂದು ತಮಾಷೆ ಮಾಡುವ ಧೈರ್ಯ ಬರಲಿಲ್ಲ.

ಹೋಗಿ ಎದುರು ಕೂತು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಫ್ಯಾನ್ ನೋಡುತ್ತ ಕೂತರು. ಆಮೇಲೆ ಸಂಗ್ರಾಹಕರ ಲೆಕ್ಕ ವಿವರಿಸಿದರು: ಇಂಥ ಸಣ್ಣ ಮಾದರಿಗೆ ಮೈಕ್ರೋಮೌಂಟ್ ಎನ್ನುತ್ತಾರೆ, ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಅದರ ಅರ್ಧ ಬೆಲೆ ಹರಳಿನದ್ದು, ಅರ್ಧ ಚೀಟಿಯದ್ದು. ಯಾವ ಊರು, ಯಾವ ಗಣಿ, ಯಾವ ವರ್ಷ, ಯಾರು ತೆಗೆದರು. ಅದಿಲ್ಲದಿದ್ದರೆ ಎಲ್ಲಿಯದೋ ಕಲ್ಲು.

"ನೀವೇ ಇನ್ನೊಂದು ಚೀಟಿ ಬರೆದುಕೊಡಿ ಸರ್. ನಿಮಗೆ ಗೊತ್ತಲ್ಲ."

ಕನ್ನಡಕ ಹಾಕಿಕೊಂಡು, ಮಗಳ ನೋಟ್‌ಬುಕ್ಕಿನ ಹಾಳೆಯ ತುಂಡಿನ ಮೇಲೆ ನಿಧಾನವಾಗಿ ಬರೆದರು. ಕಚರ್‌ವಾಹಿ, ರಾಮಟೇಕ್ ತಾಲ್ಲೂಕು, ನಾಗಪುರ ಜಿಲ್ಲೆ. ಈಗ ಮರಾಠಿಯಲ್ಲಿ ಕಾಚುರವಾಹಿ ಎಂದು ಕರೆಯುವುದನ್ನೂ ಪಕ್ಕಕ್ಕೆ ಸೇರಿಸಿದರು. ವರ್ಷದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಎಂಬತ್ತೆರಡೋ, ಎಂಬತ್ಮೂರೋ. ಅವಳು ಆಗ ಬಸುರಿ. ನನ್ನ ಜೊತೆ ಗಣಿ ಹತ್ರ ಬಂದಿದ್ಲು, ಜೀಪಿನಲ್ಲೇ ಕೂತಿದ್ಲು."

"ಎಂಬತ್ತೆರಡು ಅಂತ ಹಾಕಿಬಿಡಿ ಸರ್, ಯಾರು ಕೇಳ್ತಾರೆ?"

"ಗೊತ್ತಿಲ್ಲದ್ದು ಬರೆಯಬಾರದಪ್ಪ."

ವರ್ಷದ ಮುಂದೆ ಒಂದು ಗೆರೆ ಎಳೆದರು. ಕೆಳಗೆ ಸಣ್ಣ ಅಕ್ಷರದಲ್ಲಿ 'ಮೂಲ ಚೀಟಿ ಕಳೆದಿದೆ, ನೆನಪಿನಿಂದ ಬರೆದದ್ದು' ಎಂದು ಸೇರಿಸಿ, ಇವತ್ತಿನ ತಾರೀಖು ಹಾಕಿ, ಸಹಿ ಮಾಡಿದರು. ಆಮೇಲೆ ಅಂಟು ಇದೆಯಾ ಎಂದು ಕೇಳಿದರು.