ಚಿತ್ರಕಥೆಗಳ ಮರುಓದು

ಬಾಲ್ಯದಲ್ಲಿ ಮೆಚ್ಚಿದ ಪುಸ್ತಕವನ್ನು ಹಲವು ವರ್ಷಗಳ ಬಳಿಕ ಮತ್ತೆ ಓದುವುದು ಒಂದು ಸುಖ. ಜೊತೆಗೆ ಅದೊಂದು ಪರೀಕ್ಷೆಯೂ ಹೌದು. ಅಂದು ಕಣ್ಣಿಗೆ ಬೀಳದಿದ್ದ ಎಷ್ಟೋ ಸಂಗತಿಗಳು ಇಂದು ಕಾಣುತ್ತವೆ. ಅಂದು ಹಿಗ್ಗು ತಂದ ಕೆಲವು ಪುಟಗಳು ಇಂದು ಮುಜುಗರವನ್ನು ತರುತ್ತವೆ. ಅತಿಮಾನುಷ ವೀರರನ್ನೂ ಮಾಯಾಮಂತ್ರಗಳನ್ನೂ ಕುರಿತ ಹಳೆಯ ಚಿತ್ರಕಥೆಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಇವುಗಳನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳುಂಟು. ಇವು ಹುಡುಗರ ಓದನ್ನು ಕೆಡಿಸುವ ಹಗುರವಾದ ಸರಕು ಎಂದು ಕೆಲವರು ಮೂಗು ಮುರಿಯುತ್ತಾರೆ. ಮತ್ತೆ ಕೆಲವರು ಹಳೆಯ ಪ್ರತಿಗಳನ್ನು ದುಬಾರಿ ಬೆಲೆ ತೆತ್ತು ಕೊಂಡು, ದೇವರ ಪಟದಂತೆ ಕಾಪಾಡುತ್ತಾರೆ. ನನ್ನ ಮಟ್ಟಿಗೆ ಅವನ್ನು ಎಸೆಯುವುದೂ ಸಲ್ಲದು, ಪೂಜಿಸುವುದೂ ಸಲ್ಲದು. ಅವನ್ನು ಮತ್ತೆ ಓದಬೇಕು, ಓದುತ್ತ ಪ್ರಶ್ನಿಸಬೇಕು.

ಸಾಲು ಸಾಲಾಗಿ ಚಿತ್ರಗಳನ್ನು ಜೋಡಿಸಿ ಕಥೆ ಹೇಳುವ ಕಲೆ ನಮಗೆ ಹೊರಗಿನಿಂದ ಬಂದುದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಸುತ್ತ ನಡೆದರೆ ರಾಮಾಯಣ ಮಹಾಭಾರತಗಳ ಪ್ರಸಂಗಗಳು ಕಲ್ಲಿನಲ್ಲಿ ಒಂದರ ಬಳಿಕ ಒಂದರಂತೆ ತೆರೆದುಕೊಳ್ಳುತ್ತವೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಅದೇ ಕಥೆಗಳು ದೀಪದ ಬೆಳಕಿನಲ್ಲಿ ಬಣ್ಣ ತಳೆಯುತ್ತವೆ. ಅಚ್ಚಿನ ಯಂತ್ರ ಬಂದ ಮೇಲೆ ಈ ಕಲೆ ಕಾಗದಕ್ಕೆ ಇಳಿಯಿತು. ಹಿರಿಯರ ಭಯ ಕೂಡ ಹೊಸತಲ್ಲ. ಅಮೆರಿಕದಲ್ಲಿ 1954ರಲ್ಲಿ ಮನೋವೈದ್ಯನೊಬ್ಬ ಚಿತ್ರಕಥೆಗಳಿಂದ ಮಕ್ಕಳು ದಾರಿ ತಪ್ಪುತ್ತಾರೆಂದು ಗ್ರಂಥವನ್ನೇ ಬರೆದ; ಪ್ರಕಾಶಕರು ಅದೇ ವರ್ಷ ತಮಗೆ ತಾವೇ ಕಟ್ಟಳೆಗಳನ್ನು ವಿಧಿಸಿಕೊಂಡರು.

ನಮ್ಮ ಪೀಳಿಗೆಯ ಕನ್ನಡದ ಮಕ್ಕಳಿಗೆ ಮೂರು ಬಾಗಿಲುಗಳಿಂದ ಈ ಲೋಕ ತೆರೆಯಿತು. ಮೊದಲನೆಯದು 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’. ಅದು ಶುದ್ಧ ಚಿತ್ರಕಥೆಯಲ್ಲದಿದ್ದರೂ ಅದರ ಮಾಂತ್ರಿಕರೂ ರಾಕ್ಷಸರೂ ರಾಜಕುಮಾರರೂ ಚಿತ್ರಗಳ ಬಲದಿಂದಲೇ ನಮ್ಮ ಮನಸ್ಸಿನಲ್ಲಿ ನೆಲೆಸಿದರು. ಹೆಗಲ ಮೇಲೆ ಶವವನ್ನು ಹೊತ್ತು, ಕೈಯಲ್ಲಿ ಖಡ್ಗ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನನ್ನು ಚಿತ್ರಕಾರ ಶಂಕರ್ (1924–2020) ಬರೆದ ರೀತಿಯನ್ನು ಒಮ್ಮೆ ಕಂಡವರು ಮರೆಯಲಾರರು. ಎರಡನೆಯದು 1964ರ ಮಾರ್ಚ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1990ರವರೆಗೆ ನಡೆದ ‘ಇಂದ್ರಜಾಲ ಕಾಮಿಕ್ಸ್’. ಫ್ಯಾಂಟಮ್, ಮಾಂಡ್ರೇಕ್ ಮೊದಲಾದವರನ್ನು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಅದು ಪರಿಚಯಿಸಿತು. ಮೂರನೆಯದು ‘ಅಮರ ಚಿತ್ರಕಥೆ’. ಯಶವಂತಪುರದ ಮಾರುಕಟ್ಟೆಯ ಬಳಿ ಹಳೆಯ ಪುಸ್ತಕಗಳನ್ನು ದಿನಕ್ಕೆ ಹತ್ತು ಪೈಸೆಯಂತೆ ಓದಲು ಕೊಡುವ ಪುಟ್ಟ ಅಂಗಡಿಯೊಂದಿತ್ತು. ಯಲಹಂಕದ ಕಡೆಯಿಂದ ಸಂತೆಗೆ ಬರುವ ಹುಡುಗರು ತಂದೆ ವ್ಯಾಪಾರ ಮುಗಿಸುವಷ್ಟರಲ್ಲಿ ಅಲ್ಲಿಯೇ ನಿಂತು ಎರಡು ಪುಸ್ತಕ ಓದಿ ಮುಗಿಸುತ್ತಿದ್ದರು. ಶಾಲೆಯ ಗ್ರಂಥಾಲಯದ ಬೀರುವಿಗೆ ಬೀಗವಿದ್ದ ಕಾಲದಲ್ಲಿ ಅನೇಕರಿಗೆ ತಾವಾಗಿ ಓದುವ ರುಚಿಯನ್ನು ಕಲಿಸಿದ್ದು ಇಂತಹ ಅಂಗಡಿಗಳೇ. ಈ ಉಪಕಾರವನ್ನು ಮರೆಯುವಂತಿಲ್ಲ.

ಈಗ ಫ್ಯಾಂಟಮ್‌ನನ್ನು ಮತ್ತೆ ಓದೋಣ. ಲೀ ಫಾಕ್ ಎಂಬ ಅಮೆರಿಕದ ಲೇಖಕ 1936ರಲ್ಲಿ ಸೃಷ್ಟಿಸಿದ ಈ ವೀರನಿಗೆ ಹಾರುವ ಶಕ್ತಿಯಿಲ್ಲ, ಮಂತ್ರದಂಡವಿಲ್ಲ. ಕಾಡಿನ ಜನ ಅವನಿಗೆ ಸಾವಿಲ್ಲವೆಂದು ನಂಬಿದ್ದಾರೆ. ಗುಟ್ಟು ಬೇರೆಯೇ ಇದೆ. 1536ರಲ್ಲಿ ಕಡಲ್ಗಳ್ಳರು ತಂದೆಯನ್ನು ಕೊಂದಾಗ ಬದುಕುಳಿದ ಯುವಕನೊಬ್ಬ ಅನ್ಯಾಯದ ವಿರುದ್ಧ ಹೋರಾಡುವೆನೆಂದು ಕೊಲೆಗಾರನ ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡುತ್ತಾನೆ. ಅವನು ಸತ್ತಾಗ ಮಗ, ಮಗನ ಬಳಿಕ ಮೊಮ್ಮಗ ಅದೇ ಉಡುಪನ್ನು ತೊಡುತ್ತಾರೆ. ನಾವು ಓದುವ ಕಥೆಗಳ ನಾಯಕ ಆ ವಂಶದ 21ನೆಯವನು. ಮನುಷ್ಯ ಸಾಯುತ್ತಾನೆ, ಅವನು ಹಿಡಿದ ವ್ರತ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ ಎಂಬ ಈ ಕಲ್ಪನೆ ನಿಜಕ್ಕೂ ಉದಾತ್ತವಾದುದು. ಹುಡುಗನಾಗಿದ್ದಾಗ ಕಂಡದ್ದು ಮುಖವಾಡ ಮತ್ತು ಬಿಳಿಯ ಕುದುರೆ. ಇಂದು ಕಾಣುವುದು ಈ ಅರ್ಥ.

ಇಂದು ಮತ್ತೊಂದು ಸಂಗತಿಯೂ ಕಾಣುತ್ತದೆ. ಕಾಡು ಅಲ್ಲಿಯ ಜನರದು; ಆದರೆ ಅದರ ಕಾವಲುಗಾರ ಹೊರಗಿನಿಂದ ಬಂದ ಬಿಳಿಯ. ತಲೆಮಾರುಗಳಿಂದ ಅಲ್ಲಿಯೇ ಬದುಕಿದ ಬಂದಾರ್ ಜನರಿಗೆ ತಮ್ಮ ನಾಡನ್ನು ತಾವೇ ಕಾಯುವ ಯೋಗ್ಯತೆಯಿರಲಿಲ್ಲವೇ? ಕಥೆಯ ಪ್ರಕಾರವೇ, ಅಲೆಗಳು ದಡಕ್ಕೆ ತಂದು ಹಾಕಿದ ಆ ಮೊದಲ ಯುವಕನನ್ನು ಎತ್ತಿ ಬದುಕಿಸಿದವರು ಅವರು. ಹೀಗಿದ್ದೂ ಚಿತ್ರಗಳಲ್ಲಿ ಅವರಿಗೆ ದೊರೆತ ಸ್ಥಳ ನಾಯಕನ ಬೆನ್ನ ಹಿಂದೆ. ಮಾಂಡ್ರೇಕನ ಕಥೆಗಳಲ್ಲಿ ಆಫ್ರಿಕದ ಲೋಥಾರನ ಪಾಡೂ ಮೊದಲಿಗೆ ಇದೇ ಆಗಿತ್ತು. ರಾಜವಂಶದ ಆ ಬಲಶಾಲಿ ಚಿರತೆಯ ಚರ್ಮವನ್ನುಟ್ಟು, ಮುರುಕು ಮಾತನಾಡುತ್ತ, ಜಾದೂಗಾರನ ಸೇವಕನಂತೆ ನಡೆಯುತ್ತಿದ್ದ.

‘ಅಂದಿನ ಕಾಲವೇ ಹಾಗಿತ್ತು; ಇಂದಿನ ಅಳತೆಗೋಲಿನಿಂದ ಅದನ್ನು ಅಳೆಯುವುದು ನ್ಯಾಯವೇ?’ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಆ ಕಥೆಗಳನ್ನು ರಚಿಸಿದವರೂ ಪ್ರಕಟಿಸಿದವರೂ ಅವನ್ನು ತಿದ್ದಲಾಗದ ವೇದವಾಕ್ಯವೆಂದು ಭಾವಿಸಿರಲಿಲ್ಲ. 1960ರ ದಶಕದಲ್ಲಿ ಲೋಥಾರನ ಉಡುಪೂ ಮಾತೂ ಬದಲಾದವು. ಅವನು ಮಾಂಡ್ರೇಕನ ಸಮಾನಸ್ಕಂಧ ಗೆಳೆಯನಾದ. ಮೂಲದಲ್ಲಿ ಫ್ಯಾಂಟಮ್‌ನ ನಾಡಿನ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು; ಕಡಲ್ಗಳ್ಳರ ಹೆಸರು ‘ಸಿಂಗ್’ ಎಂದಿತ್ತು. ಭಾರತದ ಆವೃತ್ತಿಯಲ್ಲಿ ಆ ನಾಡು ‘ಡೆಂಕಾಲಿ’ಯಾಯಿತು, ಕಡಲ್ಗಳ್ಳರು ‘ಸಿಂಗಾ’ ಆದರು. ಓದುಗರ ಮನಸ್ಸು ನೋಯಬಾರದೆಂಬ ವಿವೇಕ ಅಂದೂ ಇತ್ತೆಂದ ಮೇಲೆ, ಇಂದು ಪ್ರಶ್ನೆ ಕೇಳುವುದು ಹೇಗೆ ತಪ್ಪಾದೀತು?

ಪರದೇಶದ ಕಥೆಗಳಿಗಷ್ಟೇ ಈ ಪ್ರಶ್ನೆಯನ್ನು ಮೀಸಲಿಡುವಂತಿಲ್ಲ. ‘ಅಮರ ಚಿತ್ರಕಥೆ’ಯ ಮೂಲ ಬೆಂಗಳೂರಿನಲ್ಲಿದೆ ಎಂಬುದು ನಮಗೆ ಹೆಮ್ಮೆಯ ವಿಷಯ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ 1965ರಲ್ಲಿ ಈ ಹೆಸರಿನ ಮೊದಲ ಪುಸ್ತಕಗಳು ಕನ್ನಡದಲ್ಲಿಯೇ ಹೊರಬಂದವು. ಅವು ಪಾಶ್ಚಾತ್ಯ ಕಿನ್ನರ ಕಥೆಗಳ ಅನುವಾದಗಳಾಗಿದ್ದವು. ಅವುಗಳ ಯಶಸ್ಸಿನ ಬಳಿಕ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ (1929–2011) ಸಂಪಾದಕತ್ವದಲ್ಲಿ ‘ಕೃಷ್ಣ’ನಿಂದ ಮೊದಲ್ಗೊಂಡು ನಮ್ಮ ಪುರಾಣ ಇತಿಹಾಸಗಳ ವೀರರು ಒಬ್ಬೊಬ್ಬರಾಗಿ ಚಿತ್ರವಾದರು. ಗ್ರೀಸಿನ ದೇವತೆಗಳನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲವಲ್ಲ ಎಂಬ ಕೊರಗು ಪೈಯವರನ್ನು ಈ ಕಾರ್ಯಕ್ಕೆ ಹಚ್ಚಿತಂತೆ. ಲಕ್ಷಾಂತರ ಮಕ್ಕಳಿಗೆ ಅವರು ನಾಡಿನ ಕಥೆಗಳನ್ನು ತಲಪಿಸಿದರು.

ಅಧ್ಯಾಪಕನಾಗಿದ್ದ ದಿನಗಳಲ್ಲಿ ಒಮ್ಮೆ ಇಂತಹ ಪೌರಾಣಿಕ ಚಿತ್ರಕಥೆಗಳನ್ನು ತರಗತಿಯಲ್ಲಿ ಹಂಚಿದ್ದೆ. ಎಲ್ಲರೂ ಸಂತೋಷದಿಂದ ಓದಿದರು. ಕೊನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ಪುಸ್ತಕವನ್ನು ಮುಚ್ಚಿಟ್ಟು, “ಮೇಷ್ಟ್ರೇ, ರಾಜಕುಮಾರಿಯರೆಲ್ಲ ಬೆಳ್ಳಗಿದ್ದಾರೆ. ನನ್ನ ಬಣ್ಣವನ್ನು ರಾಕ್ಷಸರಿಗೆ ಮಾತ್ರ ಯಾಕೆ ಹಚ್ಚಿದ್ದಾರೆ?” ಎಂದು ಕೇಳಿದಳು. ತರಗತಿ ಸ್ತಬ್ಧವಾಯಿತು. ‘ಕೃಷ್ಣ’ ಎಂಬ ಪದದ ಅರ್ಥವೇ ಕಪ್ಪು ಎಂದೂ, ವ್ಯಾಸರ ದ್ರೌಪದಿ ಶ್ಯಾಮಲವರ್ಣದವಳಾದುದರಿಂದ ಅವಳಿಗೆ ‘ಕೃಷ್ಣೆ’ ಎಂಬ ಹೆಸರಿದೆಯೆಂದೂ ವಿವರಿಸಿದೆ. “ಹಾಗಾದರೆ ಚಿತ್ರ ಬರೆದವರು ಪುಸ್ತಕ ಓದಿರಲಿಲ್ಲವೇ?” ಎಂದಳು. ನೂರು ವಿಮರ್ಶಕರ ಮಾತಿಗಿಂತ ಆ ಮಾತು ಹರಿತವಾಗಿತ್ತು. ಅಕ್ಷರಗಳು ಹೇಳದ ಎಷ್ಟೋ ವಿಷಯಗಳನ್ನು ಚಿತ್ರಗಳು ಸದ್ದಿಲ್ಲದೆ ಮನಸ್ಸಿಗೆ ಇಳಿಸಿಬಿಡುತ್ತವೆ. ವೀರನ ಮೈಬಣ್ಣ ಯಾವುದು, ದುಷ್ಟನ ಮುಖ ಹೇಗಿರುತ್ತದೆ, ಹೆಣ್ಣು ಕಾದಾಡುವವಳೋ ಕಾಯುತ್ತ ಕೂರುವವಳೋ ಎಂಬುದನ್ನು ಮಗು ಅಲ್ಲಿಂದಲೇ ಕಲಿಯುತ್ತದೆ. ಆದುದರಿಂದಲೇ ಮರುಓದು ಅಗತ್ಯ. ಅದು ಹಳೆಯ ಲೇಖಕರನ್ನು ದಂಡಿಸುವುದಕ್ಕಲ್ಲ. ಕನ್ನಡಿಯಲ್ಲಿ ತನ್ನ ಮುಖವನ್ನು ಕಂಡು ಯಾವ ಮಗುವೂ ತಲೆ ತಗ್ಗಿಸದಂತೆ ನೋಡಿಕೊಳ್ಳುವುದಕ್ಕೆ.

ಹಾಗಾದರೆ ವೀರನೆಂದರೆ ಯಾರು? ಈ ಪ್ರಶ್ನೆಗೆ ಹಳೆಯ ಚಿತ್ರಕಥೆಗಳಲ್ಲಿಯೇ ಒಂದು ಒಳ್ಳೆಯ ಉತ್ತರವಿದೆ. ಆಬಿದ್ ಸೂರ್ತಿಯವರು 1976ರಲ್ಲಿ ‘ಇಂದ್ರಜಾಲ’ಕ್ಕಾಗಿ ಸೃಷ್ಟಿಸಿದ ಬಹಾದುರ್ ಡಕಾಯಿತನೊಬ್ಬನ ಮಗ. ತಂದೆಯ ದಾರಿಯನ್ನು ತೊರೆದು, ಹಳ್ಳಿಯ ಜನರನ್ನು ಒಗ್ಗೂಡಿಸಿ, ಡಕಾಯಿತರನ್ನು ಎದುರಿಸಲು ನಾಗರಿಕರ ರಕ್ಷಣಾದಳವನ್ನು ಕಟ್ಟುತ್ತಾನೆ. ಇಲ್ಲಿ ಕಾವಲುಗಾರ ಹೊರಗಿನಿಂದ ಬರಲಿಲ್ಲ. ಊರೇ ಎದ್ದು ನಿಂತಿತು.

ಇದಕ್ಕಿಂತ ಹಳೆಯ ಉತ್ತರ ನಮ್ಮ ಹೆಬ್ಬಾಳದಲ್ಲಿಯೇ ಇದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್ ನಾಡಿನ ಮೇಲೆ ದಾಳಿಯಾದಾಗ ಕಿತ್ತಯ್ಯನೆಂಬುವನು ಕಾದಾಡಿ ಮಡಿದನೆಂದು ಅದರ ಶಾಸನ ಸಾರುತ್ತದೆ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ವೀರಗಲ್ಲು ಕೂಡ ಒಂದು ಚಿತ್ರಕಥೆಯೇ. ಸಾಮಾನ್ಯವಾಗಿ ಇಂತಹ ಕಲ್ಲುಗಳಲ್ಲಿ ಕೆಳಗಿನ ಹಂತದಲ್ಲಿ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕಿತ್ತಯ್ಯನಿಗೆ ಮುಖವಾಡವಿರಲಿಲ್ಲ, ಅಮರನೆಂಬ ಕೀರ್ತಿಯಿರಲಿಲ್ಲ. ಸಾವು ಖಚಿತವೆಂದು ಬಲ್ಲ ಮನುಷ್ಯ ತನ್ನ ಊರಿಗಾಗಿ ನಿಂತ. ಊರು ಅವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿತು. ಇಂದು ಆ ಬಳಿಯ ಮೇಲ್ಸೇತುವೆಯ ಮೇಲೆ ದಿನವೂ ಸಾಗುವ ಅಸಂಖ್ಯ ಜನರಲ್ಲಿ ಆ ಹೆಸರನ್ನು ಬಲ್ಲವರು ಎಷ್ಟು ಮಂದಿ? ಕಿತ್ತಯ್ಯನ ಕಥೆಯನ್ನು ಬಣ್ಣಗಳಲ್ಲಿ ಬರೆಯುವ ಚಿತ್ರಕಾರ ನಿಮ್ಮಲ್ಲಿಯೇ ಒಬ್ಬನೋ ಒಬ್ಬಳೋ ಏಕಾಗಬಾರದು?

ಚಂದಮಾಮದ ಬೇತಾಳ ಪ್ರತಿಯೊಂದು ಕಥೆಯ ಕೊನೆಯಲ್ಲಿಯೂ ಒಂದು ಪ್ರಶ್ನೆ ಕೇಳುತ್ತಿತ್ತು. ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಹಸ್ರ ಹೋಳಾಗುವುದೆಂದು ಎಚ್ಚರಿಸುತ್ತಿತ್ತು. ಮೌನ ಮುರಿದರೆ ಶವ ಮತ್ತೆ ಮರವೇರುವುದೆಂದು ಬಲ್ಲ ವಿಕ್ರಮ, ಆದರೂ ಪ್ರತಿ ಸಲ ಬಾಯಿ ತೆರೆದ. ಶ್ರಮ ವ್ಯರ್ಥವಾದರೂ ಸತ್ಯವನ್ನು ಬಚ್ಚಿಡಲಿಲ್ಲ. ಮತ್ತೆ ಮರದ ಬಳಿಗೆ ನಡೆಯಲು ಬೇಸರಿಸಲೂ ಇಲ್ಲ. ಒಳ್ಳೆಯ ಓದುಗನ ಲಕ್ಷಣವೂ ಇದೇ ಅಲ್ಲವೇ? ಮೆಚ್ಚಿದ ಕಥೆಯನ್ನು ಹೆಗಲ ಮೇಲೆ ಹೊತ್ತು ನಡೆಯಿರಿ. ಆದರೆ ಅದು ಎತ್ತುವ ಪ್ರಶ್ನೆಗೆ ಉತ್ತರ ತಿಳಿದಿದ್ದರೆ ಸುಮ್ಮನಿರಬೇಡಿ.