ಅಣ್ಣನ ದ್ರಾಕ್ಷಿಯೂ ಫ್ರಾನ್ಸಿನ ಬ್ರಾಂದಿಯೂ

ಈ ಶೀರ್ಷಿಕೆಯನ್ನು ಕಂಡು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುವಿರೆಂದು ಬಲ್ಲೆ. ಹಳ್ಳಿಯ ಪ್ರೌಢಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿ, ಗಾಂಧಿ ಜಯಂತಿಯಂದು ಪಾನನಿರೋಧದ ಭಾಷಣವನ್ನು ವರ್ಷ ತಪ್ಪದೆ ಮಾಡಿದ ಮೇಷ್ಟ್ರು, ನಿವೃತ್ತಿಯ ಬಳಿಕ ಬ್ರಾಂದಿಯ ಕುರಿತು ಬರೆಯುವುದೆಂದರೇನು! ನನ್ನ ಶ್ರೀಮತಿಯ ಆಕ್ಷೇಪವೂ ಇದೇ. "ನಮ್ಮ ಸಾಸಲು ಹೋಬಳಿಯಲ್ಲಿ ಕುಡಿತದಿಂದ ಹಾಳಾದ ಮನೆಗಳನ್ನು ಮೊದಲು ಎಣಿಸಿಕೊಂಡು ಬನ್ನಿ, ಆಮೇಲೆ ಬರೆಯಿರಿ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಊರಿನ ಹೆಂಗಸರು ಪಟ್ಟ ಸಂತೋಷವನ್ನೂ ಕಂಡಿದ್ದೇನೆ, ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬ್ರಾಂದಿಗಳ ಪುಟ್ಟ ಪೊಟ್ಟಣಗಳು ಬಂದು ಕುಳಿತುದನ್ನೂ ಕಂಡಿದ್ದೇನೆ. ಆದರೂ ಬರೆಯುತ್ತಿದ್ದೇನೆ. ಕಾರಣ ನನ್ನ ಅಣ್ಣ.

ಅಣ್ಣನಿಗೆ ಈಗ ಎಂಬತ್ತರ ಹತ್ತಿರ. ನಮ್ಮ ತೋಟದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ದ್ರಾಕ್ಷಿ ಬೆಳೆದವನು. ಬೆಂಗಳೂರು ನೀಲಿ ಎಂಬ, ಈಗ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ, ದಪ್ಪ ಸಿಪ್ಪೆಯ ಕಪ್ಪು ಹಣ್ಣು. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯವರಿಗೆ ಅದರ ಗಮವನ್ನು ವರ್ಣಿಸಬೇಕಾಗಿಲ್ಲ. ಗಾಡಿ ಬೀದಿಯ ತುದಿಗೆ ಬಂದಾಗಲೇ ಮನೆಯೊಳಗಿನ ಮಕ್ಕಳಿಗೆ ತಿಳಿಯುತ್ತಿತ್ತು. ಒಳ್ಳೆಯ ಬೆಲೆ ಬಂದ ವರ್ಷಗಳಿದ್ದವು. ಸಾಗಾಣಿಕೆಯ ಖರ್ಚೂ ಹುಟ್ಟದೆ ಹಣ್ಣನ್ನು ದನಗಳಿಗೆ ಸುರಿದ ವರ್ಷಗಳೂ ಇದ್ದವು. 2003ರ ಬರದಲ್ಲಿ ಕೊಳವೆಬಾವಿ ಬತ್ತಿದ ಮೇಲೆ ಅಣ್ಣ ಚಪ್ಪರದ ಕಲ್ಲುಕಂಬಗಳನ್ನು ಕೀಳಿಸಿ ಮಾರಿದ. ಆ ದಿನ ಅವನು ಮಧ್ಯಾಹ್ನದ ಊಟ ಮಾಡಲಿಲ್ಲ.

ಅವನು ಕುಡುಕನಲ್ಲ. ಆದರೆ ಒಂದು ಪ್ರಶ್ನೆ ಅವನನ್ನು ಬಹಳ ವರ್ಷಗಳಿಂದ ಕಾಡಿತ್ತು. 1980ರ ದಶಕದ ಕೊನೆಯಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ, ನಮ್ಮ ತಾಲ್ಲೂಕಿನಲ್ಲಿಯೇ, ಗ್ರೋವರ್ ಅವರ ದ್ರಾಕ್ಷಿ ತೋಟ ತಲೆಯೆತ್ತಿತು. ಫ್ರಾನ್ಸಿನಿಂದ ಬಳ್ಳಿಗಳು ಬಂದವು, ಬಳ್ಳಿಗಳ ಜೊತೆಗೆ ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಎಂಬ ತಜ್ಞರೂ ಬಂದರು. ಅಣ್ಣ ಬೇಲಿಯಾಚೆಯಿಂದ ಆ ಸಾಲುಗಳನ್ನು ನೋಡಿ ಬಂದು, "ಅವರ ಹಣ್ಣು ನಮ್ಮದಕ್ಕಿಂತ ಸಣ್ಣದು, ತಿನ್ನಲಿಕ್ಕೂ ಆಗದು, ಆದರೂ ಅದಕ್ಕೆ ಅಷ್ಟು ಮರ್ಯಾದೆ. ದ್ರಾಕ್ಷಿಯಿಂದ ಅವರು ಕೊನೆಗೆ ಮಾಡುವುದಾದರೂ ಏನನ್ನು?" ಎಂದಿದ್ದ. ಮೂರು ವರ್ಷಗಳ ಹಿಂದೆ, ಫ್ರಾನ್ಸಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ "ಸಾರ್, ಊರಿಗೆ ಬರುತ್ತಿದ್ದೇನೆ, ಏನು ತರಲಿ?" ಎಂದು ಕೇಳಿದಾಗ ಪಕ್ಕದಲ್ಲಿದ್ದ ಅಣ್ಣ ಸಂಕೋಚವಿಲ್ಲದೆ ಹೇಳಿಬಿಟ್ಟ: "ಅಲ್ಲಿಯ ಬ್ರಾಂದಿ ಒಂದು ಸೀಸೆ. ರುಚಿ ನೋಡಬೇಕು."

ಹುಡುಗ ತಂದ. ತೂಕವಾದ ಗಾಜು, ಚಿನ್ನದ ಬಣ್ಣದ ಚೀಟಿ, ಅದರ ಮೇಲೆ ನೆಪೋಲಿಯನ್ ಎಂಬ ಚಕ್ರವರ್ತಿಯ ಹೆಸರು. ಅಣ್ಣ ಮೂಸಿ ನೋಡಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಲೆಮನೆಯ ವಾಸನೆ ಬರುತ್ತಿದೆ. ದ್ರಾಕ್ಷಿ ಎಲ್ಲಿ?" ಎಂದ. ಹುಡುಗನ ಮುಖ ಸಣ್ಣದಾಯಿತು. ಸಾಕಷ್ಟು ಹಣ ಕೊಟ್ಟಿದ್ದನಂತೆ.

ತಪ್ಪು ಅವನದಲ್ಲ, ಚೀಟಿಯನ್ನು ಓದುವುದನ್ನು ಕಲಿಸದ ನನ್ನದೆಂದು ಭಾವಿಸಿ ನಾನು ಪುಸ್ತಕ ಹಿಡಿದೆ. ಮೇಷ್ಟ್ರ ಚಟ ಅಷ್ಟು ಬೇಗ ಬಿಡುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದ ಮೂಲಕ ಮಕ್ಕಳು ಮೊಮ್ಮಕ್ಕಳು ಇಂಥ ಸೀಸೆಗಳನ್ನು ತರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಈಗ ಕಡಿಮೆಯಿಲ್ಲವಾದ್ದರಿಂದ, ಕಲಿತುದನ್ನು ಹಂಚಿಕೊಳ್ಳುತ್ತೇನೆ.

ಮೊದಲಿಗೆ ನಮ್ಮ ಅಂಗಡಿಗಳ ಬ್ರಾಂದಿಯ ವಿಷಯ. ಬ್ರಾಂದಿಯೆಂದರೆ ದ್ರಾಕ್ಷಾರಸವನ್ನು ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಮಾಗಿಸಿದ್ದು. ಆದರೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯ ಪ್ರಕಾರ, ಮಿಶ್ರ ಬ್ರಾಂದಿ ಎನ್ನಿಸಿಕೊಳ್ಳಲು ಶೇಕಡಾ 2ರಷ್ಟು ಶುದ್ಧ ದ್ರಾಕ್ಷಿ ಬ್ರಾಂದಿ ಇದ್ದರೆ ಸಾಕು. ಉಳಿದದ್ದು ಶುದ್ಧೀಕರಿಸಿದ ಮದ್ಯಸಾರ. ನಮ್ಮ ದೇಶದಲ್ಲಿ ಅದು ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ಬರುವಂಥದು. ನೂರು ಲೋಟಕ್ಕೆ ಎರಡು ಲೋಟ ದ್ರಾಕ್ಷಿ! ಹತ್ತನೆಯ ತರಗತಿಯಲ್ಲಿ ಹೀಗೆ ಲೆಕ್ಕ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ. ದ್ರಾಕ್ಷಿ ಬೆಳೆವ ಜಿಲ್ಲೆಯಲ್ಲಿ ಕುಳಿತು ಜನ ಕಬ್ಬನ್ನು ಬ್ರಾಂದಿಯೆಂದು ಕುಡಿಯುತ್ತಿರುವಾಗ, ಅಣ್ಣನಂಥವರು ಹಣ್ಣನ್ನು ದನಕ್ಕೆ ಸುರಿದುದರಲ್ಲಿ ಆಶ್ಚರ್ಯವೇನಿದೆ? ದ್ರಾಕ್ಷಿಯಿಂದಲೇ ಮಾಡಿದ ಬ್ರಾಂದಿಯೂ ನಮ್ಮ ದೇಶದಲ್ಲಿ ಇಲ್ಲದಿಲ್ಲ, ಆದರೆ ಅದು ವಿರಳ.

ಇನ್ನು ಫ್ರಾನ್ಸಿನದು. ಅಲ್ಲಿಯ ಸೀಸೆಯ ಮೇಲೆ ಮೊದಲು ನೋಡಬೇಕಾದುದು ಊರಿನ ಹೆಸರನ್ನು, ಚಕ್ರವರ್ತಿಯ ಹೆಸರನ್ನಲ್ಲ. ಬರಿದೆ 'ಫ್ರೆಂಚ್ ಬ್ರಾಂದಿ' ಎಂದಿದ್ದರೆ ಅದು ಯಾವ ಪ್ರಾಂತಕ್ಕೂ ಕಟ್ಟುಬಿದ್ದುದಲ್ಲ. ಯೂರೋಪಿನ ನಿಯಮದಂತೆ ಅದು ದ್ರಾಕ್ಷಿಯ ಮೂಲದ್ದೇ ಆಗಿರಬೇಕು, ನಿಜ. ಆದರೆ ಅದರಲ್ಲಿನ ಮದ್ಯಸಾರದ ಅರ್ಧದವರೆಗೆ ಅತಿ ತೀವ್ರವಾಗಿ ಬಟ್ಟಿ ಇಳಿಸಿದ, ಹಣ್ಣಿನ ಗುಣ ಬಹುತೇಕ ಕಳೆದುಹೋದ ಸಾರವಿರಬಹುದು. ಸಣ್ಣ ಪೀಪಾಯಿಯಾದರೆ ಆರು ತಿಂಗಳು ಇಟ್ಟರೂ ಸಾಕು. ಬಣ್ಣಕ್ಕೆ ಸುಟ್ಟ ಸಕ್ಕರೆಯನ್ನೂ ಸೇರಿಸಬಹುದು. ಅಣ್ಣನ ಮೂಗು ಹಿಡಿದದ್ದು ಇದನ್ನೇ ಇರಬೇಕು! ಇಂಥವುಗಳಲ್ಲಿ ಸೇಂಟ್ ರೆಮಿಯಂತೆ ಫ್ರಾನ್ಸಿನ ದ್ರಾಕ್ಷಾರಸದಿಂದಲೇ ಮಾಡಿ ಅಗ್ಗಕ್ಕೆ ಮಾರುವಂಥವೂ ಇವೆ. ಕ್ರಿಸ್‌ಮಸ್ ಕೇಕಿಗೆ ಒಣದ್ರಾಕ್ಷಿ ನೆನೆಹಾಕುವವರಿಗೆ ಅವು ಧಾರಾಳ ಸಾಕು. ಆದರೆ ಅಂಥದ್ದಕ್ಕೆ ಚಿನ್ನದ ಚೀಟಿಯ ಬೆಲೆ ಕೊಡಬಾರದು.

ಊರಿನ ಹೆಸರುಳ್ಳವು ಮುಖ್ಯವಾಗಿ ಎರಡು. ಕೊನ್ಯಾಕ್ ಎಂಬುದು ಲೋಕಪ್ರಸಿದ್ಧ. ಉನಿ ಬ್ಲಾಂ ಎಂಬ ಹುಳಿ ದ್ರಾಕ್ಷಿಯ ತೆಳು ರಸವನ್ನು ತಾಮ್ರದ ಹಂಡೆಯಲ್ಲಿ ಎರಡು ಬಾರಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ ಎರಡು ವರ್ಷ ಇಡಬೇಕು. ಸುಮಾರು ಒಂಬತ್ತು ಲೀಟರು ದ್ರಾಕ್ಷಾರಸಕ್ಕೆ ಒಂದು ಲೀಟರು ಸಾರ ಬರುತ್ತದೆ. ಚೀಟಿಯ ಮೇಲಿನ ಅಕ್ಷರಗಳಿಗೆ ಅಲ್ಲಿ ಕಾನೂನಿನ ಅರ್ಥವಿದೆ: ವಿ.ಎಸ್. ಎಂದರೆ ಮಿಶ್ರಣದಲ್ಲಿನ ಅತಿ ಎಳೆಯದಕ್ಕೂ ಎರಡು ವರ್ಷ, ವಿ.ಎಸ್.ಒ.ಪಿ. ಎಂದರೆ ನಾಲ್ಕು, ನೆಪೋಲಿಯನ್ ಎಂದರೆ ಆರು, ಎಕ್ಸ್.ಒ. ಎಂದರೆ ಹತ್ತು. ಈ ಹತ್ತು ಕೂಡ 2018ರಿಂದ ಈಚಿನದು. ಅದಕ್ಕೆ ಮೊದಲು ಎಕ್ಸ್.ಒ.ಗೂ ಆರೇ ವರ್ಷವಿತ್ತು. ಪ್ರಾಂತದ ಹೆಸರೇ ಇಲ್ಲದ ಬ್ರಾಂದಿಯ ಮೇಲೆ ಅದೇ ನೆಪೋಲಿಯನ್ ಕುಳಿತಿದ್ದರೆ ಆ ಪದಕ್ಕೆ ಈ ತೂಕವಿಲ್ಲ. ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. ಇನ್ನೊಂದು ಗೊಂದಲವುಂಟು: ಕೊನ್ಯಾಕಿನ ಚೀಟಿಯಲ್ಲಿ 'ಫೀನ್ ಶಾಂಪೇನ್' ಎಂದಿದ್ದರೆ ಅದಕ್ಕೂ ನೊರೆಯುಕ್ಕುವ ಶಾಂಪೇನಿಗೂ ಸಂಬಂಧವಿಲ್ಲ. ಅದು ಆ ಸೀಮೆಯ ಸುಣ್ಣದ ಮಣ್ಣಿನ ಎರಡು ಉತ್ತಮ ಭಾಗಗಳ ಮಿಶ್ರಣ. ಅರ್ಧಕ್ಕೆ ಕಡಿಮೆಯಿಲ್ಲದಂತೆ ಶ್ರೇಷ್ಠ ಭಾಗದ್ದಿರಬೇಕು. ನಾಲ್ಕು ವರ್ಷದ ಕೊನ್ಯಾಕಿನ ಮೇಲೆ ಈ ಪದವಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ನಿವೃತ್ತ ಸಹೋದ್ಯೋಗಿ ಮಿತ್ರರೊಬ್ಬರು ನನ್ನೊಡನೆ ವಾದಿಸಿದರು: "ಹೆನೆಸ್ಸಿ, ರೆಮಿ ಮಾರ್ಟಿನ್, ಮಾರ್ಟೆಲ್, ಕೂರ್ವಾಸಿಯೇ ಎಂಬ ನಾಲ್ಕು ದೊಡ್ಡ ಮನೆಗಳಿರುವಾಗ ಹುಡುಕಾಟವೇಕೆ? ಅವುಗಳಲ್ಲೊಂದನ್ನು ತರಿಸಿದರಾಯಿತು." ತಪ್ಪೇನಿಲ್ಲ, ಅವು ಪದಾರ್ಥದಲ್ಲಿ ಮೋಸ ಮಾಡುವವಲ್ಲ. ಆದರೆ ಜಗತ್ತಿನ ಎಲ್ಲ ನಿಲ್ದಾಣಗಳಲ್ಲಿಯೂ ಹೊಳೆಯುವ ಜಾಹೀರಾತಿನ ಖರ್ಚನ್ನು ಕೊಳ್ಳುವವನೇ ತೆರಬೇಕಲ್ಲವೇ? ಎಕ್ಸ್.ಒ.ಗಳ ಸ್ಫಟಿಕದ ಸೀಸೆಯಂತೂ ಬರಿಯ ಒಡವೆ. ಪಿಂಚಣಿಯಲ್ಲಿ ಬದುಕುವವನಿಗೂ, ಅವನ ಸಂಕೋಚದ ಶಿಷ್ಯನಿಗೂ ಅದು ಸಲ್ಲದು.

ನನ್ನ ಮನಸ್ಸು ನಿಂತದ್ದು ಎರಡನೆಯ ಊರಿನ ಮೇಲೆ. ಫ್ರಾನ್ಸಿನ ನೈರುತ್ಯದ ಗ್ಯಾಸ್ಕನಿ ಸೀಮೆಯ ಅರ್ಮನ್ಯಾಕ್. ಇದು ಕೊನ್ಯಾಕಿಗಿಂತ ಹಳೆಯದು. 1310ರಲ್ಲಿಯೇ ವಿತಾಲ್ ದ್ಯು ಫೂರ್ ಎಂಬ ಪಾದ್ರಿ ಇದರ ನಲವತ್ತು ಗುಣಗಳನ್ನು ಪಟ್ಟಿ ಮಾಡಿದ್ದರು. ಬಹುಪಾಲು ಒಂದೇ ಬಾರಿ ಬಟ್ಟಿ ಇಳಿಸುವುದರಿಂದ ಹಣ್ಣಿನ ಒರಟುತನ ಉಳಿಯುತ್ತದೆ. ಕೊನ್ಯಾಕಿಗೆ ಹೋಲಿಸಿದರೆ ಉತ್ಪಾದನೆ ಅತ್ಯಲ್ಪ, ಮಾಡುವವರಲ್ಲಿ ಅನೇಕರು ತಮ್ಮದೇ ತೋಟದ ಸಣ್ಣ ರೈತರು, ಜಾಹೀರಾತು ಕಡಿಮೆ; ಆದ್ದರಿಂದ ಅದೇ ವಯಸ್ಸಿನ ಸರಕು ಅನೇಕ ವೇಳೆ ಕಡಿಮೆ ಬೆಲೆಗೆ ದೊರೆಯುತ್ತದೆ. ವಿ.ಎಸ್.ಒ.ಪಿ.ಗೆ ಇಲ್ಲಿಯೂ ನಾಲ್ಕು ವರ್ಷ, ಎಕ್ಸ್.ಒ.ಗೆ ಹತ್ತು. ಬಾ ಅರ್ಮನ್ಯಾಕ್ ಎಂಬ ಉಪಸೀಮೆಯ ಹೆಸರಿದ್ದರೆ ಇನ್ನೂ ಮೇಲು.

ಆದರೆ ನಾನು ಮನಸೋತದ್ದು ಬೆಲೆಗಲ್ಲ. 1870ರ ದಶಕದಿಂದೀಚೆಗೆ ಫಿಲಾಕ್ಸೆರಾ ಎಂಬ ಬೇರು ಹೇನು ಫ್ರಾನ್ಸಿನ ತೋಟಗಳನ್ನು ನುಂಗಿತು. ಅಮೆರಿಕಾದ ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿ ಬಳ್ಳಿಗಳನ್ನು ಉಳಿಸಿಕೊಂಡರೂ, ಅರ್ಮನ್ಯಾಕಿನ ಹಳೆಯ ತಳಿಯಾದ ಫೋಲ್ ಬ್ಲಾಂಷ್ ಕಸಿಯಾದ ಮೇಲೆ ಕೊಳೆತುಹೋಗತೊಡಗಿತು. ಆಗ, 1898ರಲ್ಲಿ, ಅದಕ್ಕೆ ಅಮೆರಿಕಾ ಮೂಲದ ನೋವಾ ಎಂಬ ತಳಿಯನ್ನು ಸಂಕರಿಸಿ ರೋಗಕ್ಕೆ ಬಗ್ಗದ ಹೊಸ ಬಳ್ಳಿಯನ್ನು ಸೃಷ್ಟಿಸಿದವರು ಫ್ರಾಂಸ್ವಾ ಬಾಕೊ. ಅವರು ವೃತ್ತಿಯಲ್ಲಿ ಯಾರೆಂದು ಬಲ್ಲಿರಾ? ಹಳ್ಳಿಯ ಶಾಲಾ ಮೇಷ್ಟ್ರು! ಬಾಕೊ 22ಎ ಎಂಬ ಆ ಬಳ್ಳಿ ಇಂದಿಗೂ ಬಾ ಅರ್ಮನ್ಯಾಕಿನ ಮರಳು ನೆಲದಲ್ಲಿ ಬೆಳೆಯುತ್ತಿದೆ.

ಇನ್ನೂ ಒಂದು ಮಾತಿದೆ. ನಮ್ಮ ಬೆಂಗಳೂರು ನೀಲಿಯೂ ಅಮೆರಿಕಾ ಮೂಲದ್ದೇ; ಇಸಾಬೆಲ್ಲಾ ಎಂಬ ತಳಿಯೇ ಅದೆಂದು ತೋಟಗಾರಿಕೆ ಬಲ್ಲವರು ಹೇಳುತ್ತಾರೆ. 1934ರಲ್ಲಿ ಫ್ರಾನ್ಸಿನ ಸರ್ಕಾರ ಕಾನೂನು ಮಾಡಿ ನಿಷೇಧಿಸಿದ ಆರು ತಳಿಗಳಲ್ಲಿ ಇಸಾಬೆಲ್ಲಾ ಒಂದು, ನೋವಾ ಮತ್ತೊಂದು. ಎಂದರೆ ಅಣ್ಣ ಬೆಳೆದ ಹಣ್ಣನ್ನು ಅಲ್ಲಿ ದ್ರಾಕ್ಷಾರಸಕ್ಕೆ ಒಗ್ಗದ ಕೀಳು ಜಾತಿಯೆಂದು ಹೊರಹಾಕಿದರು. ಅದೇ ಶಿಕ್ಷೆಗೆ ಗುರಿಯಾದ ನೋವಾದ ಮಗು ಮಾತ್ರ ಮೇಷ್ಟ್ರೊಬ್ಬರ ದೆಸೆಯಿಂದ ಅರ್ಮನ್ಯಾಕಿನ ಪೀಪಾಯಿಯೊಳಗೆ ಗೌರವದಿಂದ ಕುಳಿತಿದೆ. ಇದನ್ನು ಅಣ್ಣನಿಗೆ ಓದಿ ಹೇಳಿದಾಗ ಅವನು ಎರಡನೆಯ ಸಲ ಓದಿಸಿದ.

ಶಿಷ್ಯ ಮರುವರ್ಷ ಬರುವಾಗ ನಾನೇ ಚೀಟಿ ಬರೆದು ಕಳುಹಿಸಿದೆ: ಅರ್ಮನ್ಯಾಕ್ ಎಂದಿರಬೇಕು, ವಿ.ಎಸ್.ಒ.ಪಿ. ಸಾಕು, ಸಾಧ್ಯವಾದರೆ ಬಾಕೊ ದ್ರಾಕ್ಷಿಯದು, ಸೀಸೆ ಸಾದಾ ಇರಲಿ, ನಲವತ್ತು ಯೂರೋ ದಾಟಬೇಡ. ಊರಿನ ಅಂಗಡಿಯಲ್ಲೇ ಕೊಂಡು ಪೆಟ್ಟಿಗೆಯಲ್ಲಿಟ್ಟು ತಾ ಎಂದೂ ಸೇರಿಸಿದ್ದೆ. ನಿಲ್ದಾಣದ ಮಳಿಗೆಗಳಲ್ಲಿ ದೊಡ್ಡ ಮನೆಗಳದ್ದೇ ದರ್ಬಾರು. ಬರುವ ಪ್ರಯಾಣಿಕನಿಗೆ ಎರಡು ಲೀಟರಿನವರೆಗೆ ಸುಂಕವಿಲ್ಲ. ಇಲ್ಲಿ ಕೊಳ್ಳಹೊರಟರೆ ಲೆಕ್ಕವೇ ಬೇರೆ. ವಿದೇಶೀ ಮದ್ಯದ ಮೇಲೆ ವರ್ಷಗಟ್ಟಲೆ ಶೇಕಡಾ 150ರ ಆಮದು ಸುಂಕವಿದ್ದು, ಅದರ ಮೇಲೆ ರಾಜ್ಯದ ಅಬಕಾರಿಯೂ ಸೇರಿ, ಅಲ್ಲಿಯ ಸಾಧಾರಣ ಸೀಸೆ ಇಲ್ಲಿ ಶ್ರೀಮಂತರ ಸೊತ್ತಾಗಿಬಿಟ್ಟಿತು.

ಬ್ರಾಂದಿ ಔಷಧಿಯೆಂಬ ನಂಬಿಕೆಯ ಬಗ್ಗೆ ಹೇಳದಿದ್ದರೆ ವಿಜ್ಞಾನದ ಮೇಷ್ಟ್ರಾಗಿ ತಪ್ಪು ಮಾಡಿದಂತೆ. ಆ ಪಾದ್ರಿಯ ನಲವತ್ತು ಗುಣಗಳ ಪಟ್ಟಿ ನಮ್ಮ ಹಳ್ಳಿಗಳವರೆಗೂ ಬಂದು ತಲುಪಿದೆ! ಬಾಣಂತಿಗೆ ಎರಡು ಚಮಚ, ನೆಗಡಿಯಾದ ಕೂಸಿಗೆ ನಾಲಿಗೆಗೆ ಒಂದು ಹನಿ. ನಮ್ಮ ತಾಯಿಯೂ ಮಾಡಿದ್ದಳು. ಬ್ರಾಂದಿ ಮೈಯನ್ನು ಬೆಚ್ಚಗೆ ಮಾಡುವುದಿಲ್ಲ. ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭ್ರಮೆ ಹುಟ್ಟಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ. ಕೂಸಿಗಂತೂ ಒಂದು ಹನಿಯೂ ಕೂಡದು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಕುಡಿಯದವರು ಈ ಲೇಖನ ಓದಿ ಆರಂಭಿಸುವ ಅಗತ್ಯವಿಲ್ಲ. ಅಣ್ಣನ ವಿಷಯದಲ್ಲೂ ಅವನ ವೈದ್ಯರನ್ನು ಕೇಳಿಯೇ ಮುಂದುವರಿದದ್ದು.

ಶಿಷ್ಯ ತಂದ ಸಾದಾ ಸೀಸೆಯನ್ನು ದೀಪಾವಳಿಯ ಮರುದಿನ ತೆರೆದೆವು. ಅಣ್ಣ ಈ ಬಾರಿ ಲೋಟವನ್ನು ಬಹಳ ಹೊತ್ತು ಮೂಗಿನ ಬಳಿಯೇ ಹಿಡಿದಿದ್ದ. "ಮಳೆಗೆ ಸಿಕ್ಕಿ ಒಡೆದ ಹಣ್ಣನ್ನು ಕಣಜದ ಮೇಲೆ ಒಣಹಾಕಿದ್ದೆವಲ್ಲ, ಆ ವಾಸನೆ" ಎಂದ. ನನಗೆ ಆ ವರ್ಷ ನೆನಪಿರಲಿಲ್ಲ. ಅವನಿಗೆ ತಿಂಗಳೂ ನೆನಪಿತ್ತು. ಒಂದು ಗುಟುಕು ಕುಡಿದು, ನಾಲ್ಕು ವರ್ಷ ಇದನ್ನು ಕಾಯಲು ಆ ರೈತನಿಗೆ ಸಾಲ ಕೊಡುವವರು ಯಾರು ಎಂದು ಕೇಳಿದ. ನಮ್ಮಲ್ಲಿ ಹಣ್ಣು ಕಿತ್ತ ನಾಲ್ಕನೆಯ ದಿನಕ್ಕೆ ಬೆಲೆ ಇಳಿಯುತ್ತಿತ್ತು.

ಸೀಸೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಬಿರಡೆ ಭದ್ರವಾಗಿ ಹಾಕಿ, ವೈನಿನಂತೆ ಮಲಗಿಸದೆ ನೆಟ್ಟಗೆ ನಿಲ್ಲಿಸಿ ಬಿಸಿಲು ತಾಗದಂತೆ ಇಟ್ಟರೆ ಬೇಗ ಕೆಡುವುದಿಲ್ಲ. ಗಾಜಿಗೆ ತುಂಬಿದ ಮೇಲೆ ಅದಕ್ಕೆ ವಯಸ್ಸೂ ಆಗುವುದಿಲ್ಲ. ಶ್ರೀಮತಿ ಅದನ್ನು ದೇವರ ಕೋಣೆಯಿಂದ ಅತಿ ದೂರದ ಕಪಾಟಿನಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಹಿಂದೆ ಇಟ್ಟಿದ್ದಾಳೆ. ಶಿಷ್ಯ ಮತ್ತೆ ಕೇಳಿದರೆ ಬೇರೇನೂ ಬೇಡ, ಬಾಕೊ ಮೇಷ್ಟ್ರ ಊರಿನ ಒಂದು ಚಿತ್ರ ತಾ ಎನ್ನಬೇಕೆಂದಿದ್ದೇನೆ. ಅಣ್ಣ ಮೊನ್ನೆ ಯಾರದೋ ತೋಟದಿಂದ ಬೆಂಗಳೂರು ನೀಲಿಯ ಎರಡು ಕಡ್ಡಿಗಳನ್ನು ತಂದು ಬಚ್ಚಲ ನೀರು ಹರಿಯುವಲ್ಲಿ ನೆಟ್ಟಿದ್ದಾನೆ. ಒಂದು ಚಿಗುರಿದೆ.