ಡೇಲಿಯಾ ಕುಡಿ ಚಿವುಟಿ, ಆದ್ರೆ ಒಂದು ಗಿಡ ಹಾಗೇ ಬಿಡಿ



ಜನವರಿ ಬಂತು ಅಂದ್ರೆ ನಮ್ಮ ಶಾಲೆಯ ಹೂಕುಂಡಗಳಿಗೆ ಎಲ್ಲಿಲ್ಲದ ಮರ್ಯಾದೆ. 26ನೇ ತಾರೀಕು ಧ್ವಜಸ್ತಂಭದ ಸುತ್ತ ಡೇಲಿಯಾ, ಸೇವಂತಿಗೆ, ಚೆಂಡುಹೂವಿನ ಕುಂಡಗಳನ್ನು ಜೋಡಿಸುತ್ತೇವೆ. ಉಳಿದ ದಿನ ಯಾರಾದ್ರೂ ಹತ್ತಿರ ಹೋದ್ರೆ "ಏಯ್, ಮುಟ್ಟಬೇಡ" ಅಂತ ಕೂಗು. ನಾನೂ ಹಾಗೆ ಕೂಗಿದವನೇ. ಈಗ ಅದು ತಪ್ಪು ಅನ್ನಿಸುತ್ತಿದೆ. ಕುಂಡದ ಗಿಡಗಳನ್ನು ನಿಮ್ಮ ಕೈಗೆ ಕೊಡಬೇಕು, ಅವುಗಳ ಕುಡಿಯನ್ನು ನೀವೇ ಚಿವುಟಬೇಕು ಅನ್ನೋದು ನನ್ನ ವಾದ.

ಮಲೆನಾಡಿನವರು ಡೇರೆ ಹೂ ಅಂತ ಕರೆಯುವ ಡೇಲಿಯಾದ ತವರು ಮೆಕ್ಸಿಕೋ. ಅದರ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ನಿದ್ದೆ ಮಾಡುತ್ತಿರುತ್ತದೆ. ಗಿಡ ಒಂದಡಿ ಎತ್ತರ ಆದಾಗ ಕೆಳಗಿನ ಮೂರು ಜೋಡಿ ಎಲೆ ಬಿಟ್ಟು, ಮೇಲಿನ ಕುಡಿಯನ್ನು ಉಗುರಿನಿಂದ ಚಿವುಟಿ. ಮೂರು ಜೋಡಿ ಅಂದ್ರೆ ಆರು ಮೊಗ್ಗು. ಒಂದೇ ಕಾಂಡ ನೆಟ್ಟಗೆ ಏರುವ ಬದಲು ಆರು ಕೊಂಬೆ ಬರಬಹುದು. ಕೊಂಬೆ ಹೆಚ್ಚಿದ್ರೆ ಹೂವೂ ಹೆಚ್ಚು.

ಹೀಗೆ ಹೇಳಿದಾಗ ಎಂಟನೇ ತರಗತಿಯ ಒಬ್ಬ ಹುಡುಗಿ, "ಬೆಳೆಯೋ ಕುಡೀನ ಕಿತ್ತರೆ ಪಾಪ ಅಲ್ವಾ ಸಾರ್?" ಅಂದಳು. ಒಳ್ಳೆ ಪ್ರಶ್ನೆ. ಅವಳ ಮನೆಯಲ್ಲೇ ರೇಷ್ಮೆ ಸಾಕುತ್ತಾರೆ. ಹಿಪ್ಪುನೇರಳೆ ಕಡ್ಡಿ ಕತ್ತರಿಸಿದ ಮೇಲೆ ಏನಾಗುತ್ತೆ ಅಂತ ಕೇಳಿದೆ. "ಇನ್ನೂ ಜಾಸ್ತಿ ಚಿಗುರುತ್ತೆ" ಅಂತ ತಟ್ಟನೆ ಹೇಳಿದಳು. ನಮ್ಮಲ್ಲಿ ಕಡಲೆಕಾಯಿ ಹೊಲದ ನಡುವೆ ಅಕ್ಕಡಿ ಸಾಲಾಗಿ ಹಾಕುವ ತೊಗರಿಯನ್ನೇ ನೋಡಿ. ತೊಗರಿಯ ನಾಡಾದ ಕಲಬುರಗಿಯಲ್ಲಿ ಬಿತ್ತಿದ 45-50 ದಿನಕ್ಕೆ ಕುಡಿ ಚಿವುಟಿ ಅಂತ ಕೃಷಿ ವಿಜ್ಞಾನಿಗಳು ರೈತರಿಗೆ ಹೇಳುತ್ತಾರೆ. ಆ ಕೆಲಸಕ್ಕೆ ಯಂತ್ರವೇ ಬಂದಿದೆ. ಡೇಲಿಯಾ, ಹಿಪ್ಪುನೇರಳೆ, ತೊಗರಿ, ಮೂರರಲ್ಲೂ ನಡೆಯುವುದು ಹೆಚ್ಚುಕಮ್ಮಿ ಒಂದೇ ಕಥೆ.

ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕಾಂಡದಲ್ಲಿ ಕೆಳಗಿಳಿಯುತ್ತದೆ. ಅದು ಇರುವವರೆಗೆ ಪಕ್ಕದ ಮೊಗ್ಗುಗಳು ಏಳುವುದಿಲ್ಲ. ಇದನ್ನು ಅಗ್ರ ಪ್ರಾಬಲ್ಯ ಅಂತೀವಿ. 1933ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು ಬೀನ್ಸ್ ಜಾತಿಯ ಸಸಿಗಳ ತುದಿ ಕತ್ತರಿಸಿ, ಆ ಜಾಗಕ್ಕೆ ಆಕ್ಸಿನ್ ಇಟ್ಟು ನೋಡಿದರು. ಕುಡಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ.

ಪರೀಕ್ಷೆಗೆ ಇಷ್ಟು ಬರೆದ್ರೆ ಅಂಕ ಸಿಗುತ್ತೆ. ಆದ್ರೆ ಕಥೆ ಅಲ್ಲಿಗೆ ಮುಗಿದಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಬಟಾಣಿ ಗಿಡದ ತುದಿ ಕತ್ತರಿಸಿ ನೋಡಿದಾಗ, ಆಕ್ಸಿನ್ ಕಡಿಮೆಯಾದ ಸುದ್ದಿ ಕೆಳಗಿನ ಮೊಗ್ಗಿಗೆ ತಲುಪುವ ಮೊದಲೇ ಅದು ಬೆಳೆಯಲು ಶುರು ಮಾಡಿತ್ತು. ಕುಡಿಗೆ ಹೋಗಬೇಕಿದ್ದ ಸಕ್ಕರೆ ಮೊಗ್ಗಿನ ಕಡೆ ತಿರುಗಿದ್ದೇ ಮೊದಲ ಕರೆ ಅಂತ ಅವರು ತೋರಿಸಿದರು. ಎಂಬತ್ತು ವರ್ಷ ಎಲ್ಲರೂ ಓದಿದ ಪಾಠಕ್ಕೆ ಹೊಸ ಪುಟ ಸೇರಿತು. ಹೇಗೆ? ಯಾರೋ ಮತ್ತೆ ಗಿಡ ಮುಟ್ಟಿ ನೋಡಿದ್ದರಿಂದ.

ಚಿವುಟುವುದರಲ್ಲಿ ಲಾಭ ಮಾತ್ರ ಇದೆ ಅಂತ ತಿಳಿಯಬೇಡಿ. ಹೊಸ ಕೊಂಬೆ ಬೆಳೆದು ಮೊಗ್ಗು ಕಟ್ಟಬೇಕು, ಹಾಗಾಗಿ ಹೂ ತಡವಾಗುತ್ತದೆ. ಗಿಡದ ಆಹಾರ ಹಂಚಿಹೋಗುವುದರಿಂದ ಹೂ ಸ್ವಲ್ಪ ಚಿಕ್ಕದಾಗಬಹುದು. ತಟ್ಟೆಯಷ್ಟು ದೊಡ್ಡ ಡೇಲಿಯಾ ಬೇಕು ಅನ್ನುವವರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ: ಪಕ್ಕದ ಮೊಗ್ಗುಗಳನ್ನು ತೆಗೆದು ನಡುವಿನ ಒಂದನ್ನೇ ಉಳಿಸುತ್ತಾರೆ. ತೆಂಗಿಗೆ ಇರುವುದು ಒಂದೇ ಸುಳಿ, ಅದನ್ನು ಕಿತ್ತರೆ ಮರವೇ ಸಾಯುತ್ತದೆ. ಒಂದೇ ದೊಡ್ಡ ತೆನೆ ಕೊಡುವ ಸೂರ್ಯಕಾಂತಿಯನ್ನೂ ಚಿವುಟಬೇಡಿ.

ತಡವಾದ್ರೆ ಏನಾಗುತ್ತೆ ಅನ್ನೋದು ನನಗೆ ಅನುಭವದಿಂದ ಗೊತ್ತು. ಒಂದು ವರ್ಷ ನವೆಂಬರ್ ಮೊದಲಲ್ಲೇ ಚಿವುಟಬೇಕಿದ್ದ ಗಿಡಗಳನ್ನು ಡಿಸೆಂಬರ್ ಕೊನೆಗೆ ಚಿವುಟಿಸಿದೆ. 26ರ ಬೆಳಿಗ್ಗೆ ಧ್ವಜಸ್ತಂಭದ ಸುತ್ತ ಬರೀ ಹಸಿರು. "ಹೂ ಎಲ್ರೀ?" ಅಂತ ಎಲ್ಲರೂ ಕೇಳುವವರೇ. ಫೆಬ್ರವರಿಯಲ್ಲಿ ಗಿಡದ ತುಂಬ ಹೂ ಬಂತು, ಆಗ ನೋಡೋಕೆ ಅತಿಥಿಗಳಿರಲಿಲ್ಲ. ಆದ್ರೆ ಯಾವ ದಿನ ಚಿವುಟಿದೆವು, ಯಾವ ದಿನ ಹೂ ಅರಳಿತು ಅನ್ನೋದು ಮಕ್ಕಳ ನೋಟ್‌ಬುಕ್ಕಿನಲ್ಲಿತ್ತು. ಅದೂ ಒಂದು ಬೆಳೆಯೇ. ದಸರಾ, ದೀಪಾವಳಿಯ ದರ ನಂಬಿ ಸೇವಂತಿಗೆ ಬೆಳೆಯುವ ಮನೆಗೆ ಈ ದಿನಗಳ ಲೆಕ್ಕ ದುಡ್ಡಿನ ಲೆಕ್ಕವೂ ಹೌದು.

ಹಾಗಾಗಿ ಈ ಸಲ ಹೀಗೆ ಮಾಡಿ. ಒಂದೇ ಬಣ್ಣದ, ಒಂದೇ ದಿನ ನೆಟ್ಟ ನಾಲ್ಕು ಗಿಡ ತೆಗೆದುಕೊಳ್ಳಿ. ಎರಡನ್ನು ಚಿವುಟಿ, ಎರಡನ್ನು ಹಾಗೇ ಬಿಡಿ. ಮಣ್ಣು, ನೀರು, ಬಿಸಿಲು ಎಲ್ಲಕ್ಕೂ ಒಂದೇ ಇರಲಿ. ಮೊದಲ ಹೂ ಬಂದ ದಿನ, ಒಟ್ಟು ಹೂ, ಹೂವಿನ ಅಗಲ, ಈ ಮೂರನ್ನು ಬರೆದಿಡಿ. ಅಗಲ ಅಳೆಯೋಕೆ ದಾರ ಮತ್ತು ಸ್ಕೇಲ್ ಸಾಕು. ನಾಲ್ಕು ಗಿಡದಿಂದ ಗಟ್ಟಿ ತೀರ್ಮಾನಕ್ಕೆ ಬರೋಕಾಗಲ್ಲ, ನಿಜ. ಪಕ್ಕದ ಶಾಲೆಯವರೂ ಮಾಡಿದರೆ ಎಂಟಾಗುತ್ತೆ, ಇನ್ನೊಂದು ಶಾಲೆ ಸೇರಿದರೆ ಹನ್ನೆರಡು. ಎಲ್ಲವನ್ನೂ ಚಿವುಟಿಬಿಟ್ಟರೆ ಮಾತ್ರ ಹೋಲಿಸೋಕೆ ಏನೂ ಉಳಿಯುವುದಿಲ್ಲ. ಚಿವುಟದೆ ಬಿಟ್ಟ ಗಿಡವೇ ಇಲ್ಲಿ ಸಾಕ್ಷಿ.

ನನ್ನ ಸಹೋದ್ಯೋಗಿಗಳಲ್ಲೂ ಒಂದು ಮಾತು: ಅಲಂಕಾರಕ್ಕೆ ಹತ್ತು ಕುಂಡ ಇಟ್ಟುಕೊಳ್ಳೋಣ, ನಾಲ್ಕನ್ನು ಮಕ್ಕಳಿಗೆ ಬಿಡೋಣ. ಆ ನಾಲ್ಕರಲ್ಲಿ ಹೂ ಬರದೇ ಹೋದರೂ ಬೈಯೋದು ಬೇಡ. ಯಾಕೆ ಬರಲಿಲ್ಲ ಅಂತ ಅವರನ್ನೇ ಕೇಳೋಣ.